ಕಪ್ಪು-ಬಿಳುಪಿಗೆ ತಿರುಗಿಸಿದೊಡನೆ ಡಿಜಿಟಲ್ ಚಿತ್ರಗಳು ಮಂಕಾಗುವುದೇಕೆ?

ಹಂಪಿಯಲ್ಲಿ ಸಂಜೆ ತೆಗೆದ ಬಣ್ಣದ ಚಿತ್ರಗಳು ಚೆನ್ನಾಗಿವೆ, ಆದರೆ ಕಂಪ್ಯೂಟರಿನಲ್ಲಿ ಬಣ್ಣ ತೆಗೆದುಬಿಟ್ಟರೆ ಎಲ್ಲವೂ ಬೂದಿ ಬಳಿದಂತಾಗುತ್ತವೆ, ಸೆಪಿಯಾ (ಹಳೆಯ ಚಿತ್ರಗಳ ಕಂದು ಛಾಯೆ) ಮಾಡಿದರೆ ಇನ್ನೂ ಕೊಳಕಾಗಿ ಕಾಣುತ್ತದೆ, ಹಳೆಯ ಚಿತ್ರಗಳ ಗಾಢತೆ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ. ಕ್ಯಾಮೆರಾ ಬದಲಿಸುವ ಅಗತ್ಯ ಖಂಡಿತ ಇಲ್ಲ. ಬಣ್ಣವನ್ನು ಒಂದೇ ಏಟಿಗೆ ತೆಗೆದುಹಾಕುವುದನ್ನು ನಿಲ್ಲಿಸಿ. ಯಾವ ಬಣ್ಣ ಎಷ್ಟು ಕಪ್ಪಾಗಬೇಕು, ಯಾವುದು ಎಷ್ಟು ಬೆಳ್ಳಗಾಗಬೇಕು ಎಂಬುದನ್ನು ಒಂದೊಂದಾಗಿ ನೀವೇ ನಿರ್ಧರಿಸಿ. ಕಪ್ಪು-ಬಿಳುಪು ಚಿತ್ರದ ಮುಕ್ಕಾಲು ಪಾಲು ಕೆಲಸ ಇದೇ.

ಹಂಪಿಯ ಚಿತ್ರವನ್ನೇ ನೋಡೋಣ. ಸೂರ್ಯ ನಿಮ್ಮ ಬೆನ್ನ ಹಿಂದೆ ಇಳಿಯುತ್ತಿದ್ದಾನೆ, ಎದುರಿನ ಬಂಡೆ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಅದರ ಹಿಂದೆ ನೀಲಿ ಆಕಾಶ. ಡಿಜಿಟಲ್ ಚಿತ್ರದ ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳು; 0 ಎಂದರೆ ಕತ್ತಲು, 255 ಎಂದರೆ ಪೂರ್ಣ ಬೆಳಕು. ಬಂಡೆಯ ಒಂದು ಬಿಂದುವಿನಲ್ಲಿ ಕೆಂಪು 190, ಹಸಿರು 150, ನೀಲಿ 115 ಇದೆ ಎಂದುಕೊಳ್ಳಿ. ಆಕಾಶದಲ್ಲಿ ಕೆಂಪು 110, ಹಸಿರು 165, ನೀಲಿ 215. ತಂತ್ರಾಂಶ ಬೂದುಬಣ್ಣವನ್ನು ಲೆಕ್ಕ ಹಾಕುವ ಒಂದು ರೂಢಿಯ ಸೂತ್ರದಲ್ಲಿ ನೂರರಲ್ಲಿ ಹಸಿರಿಗೆ ಸುಮಾರು 59 ಪಾಲು, ಕೆಂಪಿಗೆ 30, ನೀಲಿಗೆ 11. ಆ ಪ್ರಕಾರ ಬಂಡೆ 158 ಆಗುತ್ತದೆ, ಆಕಾಶ 154. ಕಣ್ಣಿಗೆ ಅಷ್ಟು ಬೇರೆಬೇರೆಯಾಗಿ ಕಂಡ ಎರಡು ವಸ್ತುಗಳು ಒಂದೇ ಬೂದುಬಣ್ಣದಲ್ಲಿ ಕರಗಿಹೋದವು. ನೀವು ಮಂಕು ಎಂದದ್ದು ಇದನ್ನೇ. ಅದೇ ಚಿತ್ರದ ಕೆಂಪು ಚಾನೆಲ್, ಅಂದರೆ ಕೆಂಪಿನ ಅಂಕಿಗಳು ಒಂದನ್ನೇ ತೆರೆದು ನೋಡಿ: ಬಂಡೆ 190, ಆಕಾಶ 110. ಕಲ್ಲು ಬೆಳಗುತ್ತದೆ, ಆಕಾಶ ಆಳಕ್ಕೆ ಇಳಿಯುತ್ತದೆ.

ಫಿಲ್ಮಿನ ಕಾಲದವರು ಇದನ್ನೇ ಲೆನ್ಸಿನ ಮುಂದೆ ಬಣ್ಣದ ಗಾಜು ಇಟ್ಟು ಸಾಧಿಸುತ್ತಿದ್ದರು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ತಾನು ಮನಸ್ಸಿನಲ್ಲಿ ಕಂಡ ಗಾಂಭೀರ್ಯ ಅದರಲ್ಲಿ ಬರುವುದಿಲ್ಲ ಎನಿಸಿ, ಉಳಿದಿದ್ದ ಗಾಜಿನ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿ ಇನ್ನೊಂದು ತೆಗೆದರು. ಆಕಾಶ ಬಹುತೇಕ ಕಪ್ಪಾಗಿರುವ ಆ ಎರಡನೆಯ ಚಿತ್ರವೇ ಇಂದು ಜಗತ್ತಿಗೆ ಗೊತ್ತಿರುವುದು. ಅವರು ಗುಂಡಿ ಒತ್ತುವ ಮೊದಲೇ ತೀರ್ಮಾನಿಸಬೇಕಿತ್ತು. ಮೂರೂ ಚಾನೆಲ್‌ಗಳು ಕಡತದಲ್ಲಿ ಉಳಿದಿರುವುದರಿಂದ ನಾವು ಮನೆಗೆ ಬಂದ ಮೇಲೂ ತೀರ್ಮಾನಿಸಬಹುದು. ಇಷ್ಟು ದೊಡ್ಡ ಅನುಕೂಲವನ್ನು ಒಂದು ಗುಂಡಿಗೆ ಒಪ್ಪಿಸಿಬಿಡುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಗೆಂದು ಎಲ್ಲ ಚಿತ್ರಕ್ಕೂ ಕೆಂಪು ಹೊಂದುವುದಿಲ್ಲ. ಹಣೆಗೆ ಅಗಲವಾಗಿ ಕುಂಕುಮ ಇಟ್ಟುಕೊಂಡ ಅಜ್ಜಿಯ ಚಿತ್ರಕ್ಕೆ ಕೆಂಪು ಚಾನೆಲ್ ಬಳಸಿ ನೋಡಿ. ಮುಖ ಮೃದುವಾಗಿ ಬೆಳಗುತ್ತದೆ, ಸುಕ್ಕುಗಳು ತೆಳುವಾಗುತ್ತವೆ, ಆದರೆ ಕುಂಕುಮ ಹಣೆಯ ಬಣ್ಣದೊಳಗೆ ಸೇರಿ ಮಾಯವಾಗುತ್ತದೆ. ಹಸಿರು ಚಾನೆಲ್‌ನಲ್ಲಿ ಅದೇ ಕುಂಕುಮ ಅಚ್ಚುಕಪ್ಪಾಗಿ ಎದ್ದು ನಿಲ್ಲುತ್ತದೆ, ಕೆನ್ನೆಯ ಗೆರೆಗಳೂ ಮರಳುತ್ತವೆ. ನೀಲಿಯಲ್ಲಿ ಅರಿಸಿನ ಹಚ್ಚಿದ ಕೆನ್ನೆ ಕಪ್ಪಿಟ್ಟು ಮುಖವೇ ಒರಟಾಗುತ್ತದೆ. ನಮ್ಮ ಮೈಬಣ್ಣ ಹೆಚ್ಚಾಗಿ ಕಿತ್ತಳೆಯ ವ್ಯಾಪ್ತಿಯಲ್ಲಿ ಬರುವುದರಿಂದ ನಾನು ಕಪ್ಪು-ಬಿಳುಪು ಮಿಕ್ಸರ್‌ನಲ್ಲಿ (ಒಂದೊಂದು ಬಣ್ಣವನ್ನು ಬೇರೆಯಾಗಿ ಬೆಳ್ಳಗೆ ಅಥವಾ ಕಪ್ಪಾಗಿಸುವ ಉಪಕರಣ) ಕಿತ್ತಳೆಯನ್ನು ತುಸು ಏರಿಸಿ ಕೆಂಪನ್ನು ಇಳಿಸುತ್ತೇನೆ. ಕುಂಕುಮ ಉಳಿಯುತ್ತದೆ, ಮುಖವೂ ಬೆಳಗುತ್ತದೆ. ಕೆಂಪನ್ನು ಅತಿಯಾಗಿ ಇಳಿಸಿದರೆ ತುಟಿ ಕಪ್ಪಾಗಿ ಮೊಡವೆಯ ಕಲೆಗಳು ಎದ್ದು ಕಾಣುತ್ತವೆ, ಅದೊಂದು ಎಚ್ಚರವಿರಲಿ. ಹಸಿರು ಸೀರೆಗೆ ಕೆಂಪು ಅಂಚಿದ್ದರೂ ಇದೇ ಉಪಾಯ. ಇಲ್ಲದಿದ್ದರೆ ಒಡಲು ಯಾವುದು, ಅಂಚು ಯಾವುದು ತಿಳಿಯುವುದಿಲ್ಲ.

ಇಂಥ ಉಪಕರಣಗಳಿಗಾಗಿ ದುಡ್ಡು ಕೊಡಬೇಕಿಲ್ಲ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿಗಳನ್ನು ಬೆರೆಸುವ ಮೊನೊ ಮಿಕ್ಸರ್ ಇದೆ, ಡಾರ್ಕ್‌ಟೇಬಲ್ ಮತ್ತು ರಾ-ಥೆರಪಿಯಲ್ಲೂ ಈ ಸೌಲಭ್ಯವಿದೆ. ಮೊಬೈಲಿನಲ್ಲಾದರೆ ಸ್ನ್ಯಾಪ್‌ಸೀಡ್‌ನ ಕಪ್ಪು-ಬಿಳುಪು ವಿಭಾಗದಲ್ಲಿ ಬಣ್ಣದ ಫಿಲ್ಟರ್‌ಗಳಿವೆ.

ತೆಗೆಯುವಾಗ ಮೊದಲ ನಿಯಮ: ರಾ ಕಡತ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ. ಸಾಮಾನ್ಯವಾಗಿ ಬಳಸುವ ಜೆಪೆಗ್ ಕಡತದಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳು, 14 ಬಿಟ್ ರಾ ಕಡತದಲ್ಲಿ 16,384. ನೀಲಿಯನ್ನು ಬಲವಾಗಿ ಇಳಿಸಿದಾಗ ಜೆಪೆಗ್‌ನ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯುವುದು ಈ ಕೊರತೆಯಿಂದಲೇ. ಕ್ಯಾಮೆರಾವನ್ನು ರಾ ಮತ್ತು ಮೊನೊಕ್ರೋಮ್ ಎರಡಕ್ಕೂ ಹೊಂದಿಸಿಕೊಂಡರೆ ಹಿಂಬದಿಯ ಪರದೆ ಕಪ್ಪು-ಬಿಳುಪು ತೋರಿಸುತ್ತದೆ, ಕಡತದಲ್ಲಿ ಬಣ್ಣ ಹಾಗೇ ಇರುತ್ತದೆ. ನೆರಳು-ಬೆಳಕನ್ನು ನೋಡಲು ಕಣ್ಣು ಪಳಗುವುದು ಹೀಗೆ. ಬಿಸಿಲಿನಲ್ಲಿರುವ ಬಿಳಿ ಪಂಚೆಯ ಮಡಿಕೆಗಳು ಸುಟ್ಟುಹೋಗದಷ್ಟು ಎಕ್ಸ್‌ಪೋಷರ್ ಕೊಡಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳುಪು ಮರಳಿ ಬರುವುದಿಲ್ಲ.

ಕಾಂಟ್ರಾಸ್ಟ್ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಒಂದು ಚಿಕ್ಕ ಜಾಗ ಅಚ್ಚುಕಪ್ಪು, ಇನ್ನೊಂದು ಚಿಕ್ಕ ಜಾಗ ಅಚ್ಚಬಿಳುಪು ಇದ್ದರೆ ಸಾಕು. ಚಿತ್ರದ ಶ್ರೀಮಂತಿಕೆ ಇರುವುದು ನಡುವಿನ ಬೂದುಗಳಲ್ಲಿ. ಇಡೀ ಚಿತ್ರಕ್ಕೆ ಕಾಂಟ್ರಾಸ್ಟ್ ಏರಿಸುವ ಬದಲು ಮೆತ್ತನೆಯ ಬ್ರಷ್‌ನಿಂದ ಬೇಕಾದ ಕಡೆ ಮಾತ್ರ ಬೆಳಗಿಸಿ, ಅಂಚುಗಳನ್ನು ತುಸು ಕಪ್ಪಾಗಿಸಿ. ನಡುಬೂದುಗಳ ವಿವರವನ್ನು ಎದ್ದು ಕಾಣಿಸುವ ಕ್ಲಾರಿಟಿಯನ್ನು ಕೊನೆಯವರೆಗೆ ಎಳೆದ ಚಿತ್ರಗಳಲ್ಲಿ ಮುಖಗಳು ತಗಡಿನಂತಾಗುತ್ತವೆ.

ಇನ್ನು ಸೆಪಿಯಾ. ಕತ್ತಲಕೋಣೆಯಲ್ಲಿ ಮುದ್ರಿತ ಚಿತ್ರದ ಬೆಳ್ಳಿಯನ್ನು ಮೊದಲು ಬ್ಲೀಚ್ ಮಾಡಿ, ಬಳಿಕ ಸಲ್ಫೈಡ್ ದ್ರಾವಣದಲ್ಲಿ ಅದ್ದುತ್ತಿದ್ದರು. ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗಿ ಕಂದುಬಣ್ಣ ತಾಳುತ್ತಿತ್ತು, ಚಿತ್ರದ ಬಾಳಿಕೆಯೂ ಹೆಚ್ಚುತ್ತಿತ್ತು. ಕಂದು ಬರುವುದು ಬೆಳ್ಳಿ ಇದ್ದಲ್ಲಿ ಮಾತ್ರ. ಬೆಳ್ಳಿಯೇ ಇಲ್ಲದ ಜಾಗದಲ್ಲಿ ಕಾಗದದ ಬಿಳುಪು ಹಾಗೇ ಉಳಿಯುತ್ತಿತ್ತು. ಬ್ಲೀಚ್ ಮೊದಲು ತಿಳಿಬೂದುಗಳನ್ನು ಹಿಡಿಯುವುದರಿಂದ ಬೇಗ ನಿಲ್ಲಿಸಿದರೆ ಗಾಢ ನೆರಳು ಕಪ್ಪಾಗಿಯೇ ಉಳಿಯುತ್ತಿತ್ತು. ಸಿದ್ಧ ಫಿಲ್ಟರ್‌ಗಳಲ್ಲಿ ಹಲವು ಚಿತ್ರದ ಮೇಲೆಲ್ಲ ಒಂದೇ ಕಂದು ಹಾಸುತ್ತವೆ, ಬಿಳಿಯೂ ಕೊಳೆಯಾಗುತ್ತದೆ, ಕಪ್ಪೂ ಸಪ್ಪೆಯಾಗುತ್ತದೆ. ಆದ್ದರಿಂದ ಮೊದಲು ಕಪ್ಪು-ಬಿಳುಪು ಚಿತ್ರವನ್ನು ಪೂರ್ತಿ ಮುಗಿಸಿ. ಆಮೇಲೆ ಲೈಟ್‌ರೂಮ್‌ನ ಕಲರ್ ಗ್ರೇಡಿಂಗ್‌ನಂಥ ಉಪಕರಣದಲ್ಲಿ ವರ್ಣವನ್ನು 35ರಿಂದ 45 ಡಿಗ್ರಿಯ ನಡುವೆ ಇಟ್ಟು, ನಡುಬೂದುಗಳಿಗೆ 10ರಿಂದ 15 ಸ್ಯಾಚುರೇಷನ್ (ಬಣ್ಣದ ಗಾಢತೆ) ಕೊಡಿ, ಬೆಳಕಿನ ಭಾಗಕ್ಕೆ ಅದರ ಅರ್ಧ, ಗಾಢ ನೆರಳಿಗೆ ಏನೂ ಬೇಡ. ಇದು ಸೆಪಿಯಾ ಎಂದು ಕೂಡಲೇ ಗೊತ್ತಾದರೆ ಇನ್ನೂ ಸ್ವಲ್ಪ ಇಳಿಸಿ.

ಮುದ್ರಿಸುವ ಉದ್ದೇಶವಿದ್ದರೆ ಇನ್ನೊಂದು ಮಾತು. ಸಾಮಾನ್ಯ ಲ್ಯಾಬ್‌ಗಳು ಕಪ್ಪು-ಬಿಳುಪನ್ನೂ ಬಣ್ಣದ ಕಾಗದದ ಮೇಲೆಯೇ ತೆಗೆಯುವುದರಿಂದ ತುಸು ಹಸಿರು ಅಥವಾ ನೇರಳೆ ಛಾಯೆ ಸೇರಿಕೊಳ್ಳಬಹುದು. ತೆಳುವಾದ ಸೆಪಿಯಾ ಅದನ್ನು ಬಹುಮಟ್ಟಿಗೆ ಮರೆಸುತ್ತದೆ. ದೊಡ್ಡ ಅಳತೆಗೆ ಹೇಳುವ ಮೊದಲು 4×6ರಲ್ಲಿ ಒಂದು ಪ್ರತಿ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ, ಲ್ಯಾಬಿನವರಿಗೆ ಅವರ ಕಡೆಯಿಂದ ಯಾವ ತಿದ್ದುಪಡಿಯನ್ನೂ ಮಾಡಬಾರದೆಂದು ಮೊದಲೇ ತಿಳಿಸಿ.