ಕಾಸರಗೋಡಿನಲ್ಲಿದ್ದುಕೊಂಡೇ ಎನರ್ಜಿ ಆಡಿಟರ್ ಆಗಬಹುದಾ?

ಮಂಜೇಶ್ವರದವರು, ಇಲೆಕ್ಟ್ರಿಕಲ್ ಡಿಪ್ಲೊಮಾ ಆಗಿದೆ, ದೊಡ್ಡ ಕಂಪನಿಗಳ ಎನರ್ಜಿ ಆಡಿಟ್ (ಕರೆಂಟ್, ಇಂಧನ ಎಲ್ಲಿ ಎಷ್ಟು ಪೋಲಾಗುತ್ತಿದೆ ಅಂತ ಹುಡುಕುವ ಕೆಲಸ) ಮಾಡಲು ಸರ್ಟಿಫಿಕೇಟ್ ಬೇಕು ಅಂತ ಕೇಳಿದ್ದೀರಿ. ಆಗಬಹುದು, ಆದರೆ ನಾಳೆಯೇ ಅಲ್ಲ.

ಇದರ ಪರೀಕ್ಷೆ ಕೇಂದ್ರ ಸರಕಾರದ ಬಿಇಇಯದ್ದು, ಅಂದರೆ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯದ್ದು. ಫ್ರಿಜ್ ಮೇಲೆ ನಕ್ಷತ್ರದ ಲೇಬಲ್ ಇರುತ್ತದಲ್ವಾ, ಅದೂ ಇದೇ ಬಿಇಇಯದ್ದು. ಇಂಜಿನಿಯರಿಂಗ್ ಪದವಿ ಆದವರಿಗೆ ಈ ಕ್ಷೇತ್ರದಲ್ಲಿ 3 ವರ್ಷ ಅನುಭವ ಸಾಕು, ಡಿಪ್ಲೊಮಾದವರಿಗೆ 6 ವರ್ಷ ಬೇಕು. ಎನರ್ಜಿ ಮ್ಯಾನೇಜರ್ (ಕಂಪನಿಯೊಳಗೇ ಇದ್ದು ಇಂಧನ ಬಳಕೆ ನೋಡಿಕೊಳ್ಳುವವರು) ಆಗಲು 3 ಪೇಪರ್, ಆಡಿಟರ್‌ಗೆ 4. ನಾಲ್ಕನೆಯದಕ್ಕೆ ಪುಸ್ತಕ ನೋಡಿ ಬರೆಯಬಹುದು. ಸುಲಭ ಅಂದುಕೊಳ್ಳಬೇಡಿ. ಬಾಯ್ಲರ್, ಪಂಪ್, ಫ್ಯಾನ್‌ಗಳ ಲೆಕ್ಕ ಕೈಗೆ ರೂಢಿಯಾಗದಿದ್ದರೆ ಪುಟ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ. ಬಿಇಇಯ ನಾಲ್ಕು ಗೈಡ್ ಪುಸ್ತಕಗಳನ್ನು ಓದಿ, ಕೋಚಿಂಗಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಪಾಸಾದರೆ ನೀವು ಸರ್ಟಿಫೈಡ್ ಆಡಿಟರ್. ಆದರೆ ಸಿಮೆಂಟ್, ಉಕ್ಕಿನಂಥ ಭಾರೀ ಕಾರ್ಖಾನೆಗಳ ಕಡ್ಡಾಯ ಆಡಿಟ್‌ಗೆ ಬಿಇಇಯಿಂದ ಅಕ್ರೆಡಿಟೇಶನ್, ಅಂದರೆ ಮಾನ್ಯತೆ, ಬೇರೆಯೇ ಬೇಕು. ಈ ವ್ಯತ್ಯಾಸ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಕೇರಳದಲ್ಲಿ ಇಂಧನ ಉಳಿತಾಯದ ಕೆಲಸ ನೋಡಿಕೊಳ್ಳುವುದು ತಿರುವನಂತಪುರದ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್.

6 ವರ್ಷ ಅನುಭವ ಆಗುವವರೆಗೆ ಈಗಿನ ಕೆಲಸದಲ್ಲೇ ಕಲಿಯಿರಿ. ಊಟದ ಹೊತ್ತಿಗೆ ಮೆಷಿನೆಲ್ಲ ನಿಂತಾಗ ಏರ್ ಕಂಪ್ರೆಸರ್ ಹತ್ತಿರ ನಿಲ್ಲಿ. ಗಾಳಿ ಬಳಸುವವರೇ ಇಲ್ಲ, ಆದರೂ ಅದು ಮತ್ತೆ ಮತ್ತೆ ಲೋಡ್ ಆಗುತ್ತಿದ್ದರೆ (ಗಾಳಿ ತುಂಬಲು ಶುರು ಮಾಡುತ್ತಿದ್ದರೆ) ಪೈಪಿನಲ್ಲಿ ಎಲ್ಲೋ ಸೋರಿಕೆ ಇದೆ. ಎಷ್ಟು ಹೊತ್ತು ಲೋಡ್ ಆಗಿತ್ತು, ಎಷ್ಟು ಹೊತ್ತು ಲೋಡ್ ಇಲ್ಲದೆ ಇತ್ತು, ಎರಡನ್ನೂ ಬರೆದಿಡಿ. ಎಷ್ಟು ಗಾಳಿ ಪೋಲಾಗುತ್ತಿದೆ ಅನ್ನುವ ಲೆಕ್ಕ ಅದರಲ್ಲೇ ಸಿಗುತ್ತದೆ.