ಅಳಿಸಿದ ಪಾಸ್‌ವರ್ಡ್ ಮರುದಿನ ಮತ್ತೆ ಬಂತು!

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕದ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಉಬುಂಟು (ಲಿನಕ್ಸ್) ಇದೆ, ಎಲ್ಲರಿಗೂ ಒಂದೇ ಲಾಗಿನ್. ಮೊನ್ನೆ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಬ್ಯಾಕಪ್ ತೆಗೆಯುವಾಗ ಪಾಸ್‌ವರ್ಡನ್ನು ಕಮಾಂಡಿನ ಸಾಲಿನಲ್ಲೇ ಬರೆದುಬಿಟ್ಟೆ. ಯಾರಾದರೂ ಅಪ್ ಆರೋ ಒತ್ತಿದರೆ ಕಾಣುತ್ತದಲ್ಲ ಎಂದು ಹಿಂದಿನ ಕಮಾಂಡ್‌ಗಳೆಲ್ಲ ಉಳಿಯುವ ಬ್ಯಾಶ್ ಹಿಸ್ಟರಿ ಫೈಲನ್ನೇ ಡಿಲೀಟ್ ಮಾಡಿ, ಟರ್ಮಿನಲ್ ಮುಚ್ಚಿ ಮನೆಗೆ ಹೋದೆ. ಮರುದಿನ ನೋಡಿದರೆ ಹಳೆಯದೆಲ್ಲ ಹೋಗಿದೆ, ಆ ಸಾಲು ಮಾತ್ರ ಹಾಗೇ ಕೂತಿದೆ! ಹಿಸ್ಟರಿಯನ್ನೇ ಬಂದ್ ಮಾಡಿಬಿಡಲೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ನಿಮ್ಮ ಅಂಗಡಿಯದೇ ಉದಾಹರಣೆ ತೆಗೆದುಕೊಳ್ಳಿ. ದಿವಾನಜಿ ಇಡೀ ದಿನ ಚೀಟಿಯಲ್ಲಿ ಬರೆದುಕೊಂಡು, ಸಂಜೆ ಕಿರ್ದಿಗೆ ಏರಿಸುತ್ತಾರೆ ಅಲ್ವಾ? ಮಧ್ಯಾಹ್ನವೇ ಕಿರ್ದಿ ಹರಿದು ಹಾಕಿದರೆ ಏನಾಗುತ್ತದೆ? ಚೀಟಿ ಅವರ ಜೇಬಿನಲ್ಲೇ ಇದೆ. ಸಂಜೆ ಹೊಸ ಪುಸ್ತಕ ತೆಗೆದು ಅದನ್ನೇ ಬರೆಯುತ್ತಾರೆ.

ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದಿ ನಡೆಸುವ ಬ್ಯಾಶ್ ಮಾಡುವುದೂ ಇದನ್ನೇ. ನೀವು ಟೈಪ್ ಮಾಡಿದ್ದು ಮೊದಲು ಮೆಮೊರಿಯಲ್ಲಿರುತ್ತದೆ. ಟರ್ಮಿನಲ್ ಮುಚ್ಚುವಾಗ ಫೈಲಿಗೆ ಹೋಗುತ್ತದೆ. ನೀವು ಹರಿದದ್ದು ಕಿರ್ದಿ, ಉಳಿದದ್ದು ಅಂದಿನ ಚೀಟಿ.

ಹಾಗಾಗಿ ಎರಡನ್ನೂ ಸರಿಮಾಡಬೇಕು. ಟರ್ಮಿನಲ್‌ನಲ್ಲಿ ‘ಹಿಸ್ಟರಿ’ ಎಂದು ಟೈಪ್ ಮಾಡಿ (ಇಂಗ್ಲಿಷ್ ಅಕ್ಷರದಲ್ಲೇ, ಎಲ್ಲ ಸಣ್ಣಕ್ಷರ). ಸಾಲುಗಳ ಮುಂದೆ ಸಂಖ್ಯೆ ಬರುತ್ತದೆ. ಆ ಸಾಲಿನದು 412 ಎಂದಿಟ್ಟುಕೊಳ್ಳಿ. ‘ಹಿಸ್ಟರಿ’, ಸ್ಪೇಸ್, ಹೈಫನ್ ಡಿ, ಸ್ಪೇಸ್, 412. ಇದರಿಂದ ಮೆಮೊರಿಯಲ್ಲಿದ್ದದ್ದು ಹೋಯಿತು. ಆಮೇಲೆ ‘ಹಿಸ್ಟರಿ’, ಸ್ಪೇಸ್, ಹೈಫನ್ ಡಬ್ಲ್ಯೂ ಕೊಟ್ಟರೆ ಮೆಮೊರಿಯಲ್ಲಿ ಉಳಿದದ್ದಷ್ಟೇ ಫೈಲಿಗೆ ಹೋಗುತ್ತದೆ. ಅಂಥ ಸಾಲು ನಾಲ್ಕೈದಿದ್ದರೆ ದೊಡ್ಡ ಸಂಖ್ಯೆಯಿಂದ ಶುರುಮಾಡಿ. ಒಂದನ್ನು ಅಳಿಸಿದ ಕೂಡಲೇ ಕೆಳಗಿನವುಗಳ ಸಂಖ್ಯೆ ಬದಲಾಗುತ್ತದೆ. ಬೇರೆ ಟರ್ಮಿನಲ್ ತೆರೆದಿದ್ದರೆ ಅದರ ಚೀಟಿ ಬೇರೆ, ಅದನ್ನೂ ನೋಡಿ.

ಒಂದು ತಮಾಷೆ ಹೇಳುತ್ತೇನೆ. ಸಾಲು ಹುಡುಕಲು ಕೆಲವರು ಗ್ರೆಪ್ (ಪದ ಹುಡುಕುವ ಕಮಾಂಡ್) ಹಾಕಿ ಪಾಸ್‌ವರ್ಡನ್ನೇ ಟೈಪ್ ಮಾಡುತ್ತಾರೆ. ಆ ಹುಡುಕಾಟವೂ ಹಿಸ್ಟರಿಗೆ ಸೇರುತ್ತದೆ! ನಾನೂ ಒಮ್ಮೆ ಹೀಗೆ ಮಾಡಿ ಪೆಚ್ಚಾಗಿದ್ದೆ. ಹುಡುಕಲೇಬೇಕಿದ್ದರೆ ಬ್ಯಾಕಪ್ ಕಮಾಂಡಿನ ಹೆಸರಿನಲ್ಲೇ ಇರುವ ‘ಡಂಪ್’ ಎಂಬ ಪದ ಕೊಟ್ಟು ಹುಡುಕಿ.

ಪೂರ್ತಿ ಬಂದ್ ಮಾಡಬೇಡಿ. ಉಬುಂಟು ಸಾಮಾನ್ಯವಾಗಿ ಫೈಲಿನಲ್ಲಿ 2000 ಸಾಲು ಇಡುತ್ತದೆ. ಹೋದ ತಿಂಗಳು ಪ್ರಿಂಟರ್ ಹೇಗೆ ಸರಿಮಾಡಿದೆ ಎಂದು ನೆನಪಾಗದಿದ್ದಾಗ ಕೈ ಹಿಡಿಯುವುದು ಅದೇ. ಇನ್ನು ನಾಲ್ಕು ಮಂದಿ ಬಳಸುವ ಯಂತ್ರದಲ್ಲಿ ಹಿಸ್ಟರಿ ಖಾಲಿ ಇದ್ದರೆ, ‘ಇವನು ಏನು ಮುಚ್ಚಿಟ್ಟ?’ ಎಂಬ ಅನುಮಾನ ಸುಮ್ನೆ ಯಾಕೆ?

ಮುಂದಿನ ಸಲ ಬ್ಯಾಕಪ್ ಕಮಾಂಡಿನಲ್ಲಿ ಪಾಸ್‌ವರ್ಡ್ ಬರೆಯದೆ ಹೈಫನ್ ಪಿ ಅಷ್ಟೇ ಹಾಕಿ. ಅದೇ ಪಾಸ್‌ವರ್ಡ್ ಕೇಳುತ್ತದೆ, ಆಗ ಟೈಪ್ ಮಾಡಿದ್ದು ಹಿಸ್ಟರಿಗೆ ಹೋಗುವುದಿಲ್ಲ. ಬೇರೆ ಯಾವುದೋ ಗುಟ್ಟಿನ ಕಮಾಂಡ್ ಇದ್ದರೆ ಅದರ ಮೊದಲು ಒಂದು ಸ್ಪೇಸ್ ಕೊಡಿ. ಉಬುಂಟುವಿನ ಮೂಲ ಸೆಟ್ಟಿಂಗ್‌ನಲ್ಲಿ ಹಾಗೆ ಶುರುವಾದ ಸಾಲನ್ನು ಬ್ಯಾಶ್ ಬರೆದುಕೊಳ್ಳುವುದಿಲ್ಲ.

ಆದರೆ ಇದೆಲ್ಲಕ್ಕಿಂತ ಮುಂಚೆ ಪಾಸ್‌ವರ್ಡ್ ಬದಲಿಸಿ. ರಾತ್ರಿ ಇಡೀ ಅದು ಫೈಲಿನಲ್ಲಿತ್ತು, ಯಾರು ನೋಡಿದರೋ ಗೊತ್ತಿಲ್ಲ. ಆ ಕಮಾಂಡಿಗೆ ‘ಸುಡೊ’ (ಅಡ್ಮಿನ್ ಅಧಿಕಾರದಲ್ಲಿ ನಡೆಸುವ ಪದ) ಸೇರಿಸಿದ್ದಿರಾ? ಹಾಗಿದ್ದರೆ ಇಡೀ ಸಾಲು ಪಾಸ್‌ವರ್ಡ್ ಸಮೇತ ಸಿಸ್ಟಮ್ ಲಾಗ್‌ನಲ್ಲೂ ಕೂತಿರುತ್ತದೆ. ಹಿಸ್ಟರಿ ಎಷ್ಟು ತಿಕ್ಕಿದರೂ ಅದು ಹೋಗದು. ಪಾಸ್‌ವರ್ಡ್ ಬದಲಾದರೆ ಹಳೆಯದು ಎಲ್ಲಿದ್ದರೂ ಚಿಂತೆಯಿಲ್ಲ.

ನನ್ನ ಕೇಳಿದರೆ ನಿಮ್ಮ ನಿಜವಾದ ತೊಂದರೆ ಹಿಸ್ಟರಿಯಲ್ಲ, ಎಲ್ಲರಿಗೂ ಒಂದೇ ಲಾಗಿನ್ ಇರುವುದು. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಡಿ, ಸುಡೊ ನಿಮ್ಮೊಬ್ಬರಿಗೇ ಇರಲಿ. ಆಗ ಹಿಸ್ಟರಿ ಫೈಲೂ ಬೇರೆ ಬೇರೆಯಾಗುತ್ತದೆ, ನಿಮ್ಮದನ್ನು ಬೇರೆಯವರು ತೆರೆಯಲಾಗದು. ಅರ್ಧ ಗಂಟೆಯ ಕೆಲಸ.

ಹಾಂ, ಹೊಸ ಪಾಸ್‌ವರ್ಡನ್ನು ಲೆಕ್ಕದ ತಂತ್ರಾಂಶದ ಸೆಟ್ಟಿಂಗ್‌ನಲ್ಲೂ ಹಾಕಿ. ಮರೆತರೆ ಟೆಂಡರ್ ಹೊತ್ತಿಗೆ ಬಿಲ್ ಬರದೆ ಸಾವುಕಾರರ ಕೈಯಲ್ಲಿ ಬೈಸಿಕೊಳ್ಳುತ್ತೀರಿ.