ಹತ್ತು ಷೇರಿದ್ದರೆ ಹಳೇ ಮೆನು ವಾಪಸ್ ಬರುತ್ತಾ?

ಹತ್ತು ಮೈಕ್ರೋಸಾಫ್ಟ್ ಷೇರು ಇಟ್ಟುಕೊಂಡು ಕಂಪನಿಯ ವಾರ್ಷಿಕ ಸಭೆಯಲ್ಲಿ ವಿಂಡೋಸ್‌ನ ಹಳೇ ಮೆನು ವಾಪಸ್ ಕೇಳಬಹುದಾ ಅಂತ ಕೇಳಿದ್ದೀರಿ. ಪ್ರಶ್ನೆ ಕಳಿಸಬಹುದು, ಮತ ಹಾಕಬಹುದು. ನಿರ್ಣಯ ಮಂಡಿಸೋದು ಬೇರೆ ಮಾತು. ಅಮೆರಿಕದಲ್ಲಿ 2020ರಲ್ಲಿ ತಿದ್ದಿದ ನಿಯಮದಂತೆ 2,000 ಡಾಲರ್ ಮೌಲ್ಯದ ಷೇರು ಕನಿಷ್ಠ 3 ವರ್ಷ ಕೈಯಲ್ಲಿರಬೇಕು. ಅದಿದ್ದರೂ ಮೆನು, ಬಟನ್ ಎಲ್ಲ ದೈನಂದಿನ ವ್ಯವಹಾರ ಅಂತ ಹೇಳಿ ಕಂಪನಿ ನಿಮ್ಮ ನಿರ್ಣಯವನ್ನು ಕೈಬಿಡಬಹುದು. ನನಗೆ ತುಂಬಾ ಬೇಜಾರಾಗೋ ನಿಯಮ ಇದೇ.

ಆದರೆ ಬಳಕೆದಾರರ ಗಲಾಟೆಗೆ ಬೆಲೆ ಇದೆ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ಮಾಯವಾದಾಗ ಜನ ಖಾಲಿ ಎಡಮೂಲೆಯಲ್ಲಿ ಮೌಸ್ ಆಡಿಸಿ ಆಡಿಸಿ ರೋಸಿಹೋದರು. 2013ರಲ್ಲಿ 8.1 ಜತೆ ಬಟನ್ ಬಂತು, ಮೆನು 2015ರ ವಿಂಡೋಸ್ 10ರಲ್ಲಿ.

ವಿಂಡೋಸ್ ಬಗ್ಗೆ ದೂರು, ಸಲಹೆ ಕಳಿಸೋ ಮೈಕ್ರೋಸಾಫ್ಟ್ ಆ್ಯಪ್ ಫೀಡ್‌ಬ್ಯಾಕ್ ಹಬ್‌ನಲ್ಲೇ ಬರೆಯಿರಿ. ಬರೀ ಬೈಗುಳ ಬೇಡ, ಅದೇ ಕೆಲಸಕ್ಕೆ ಮೊದಲು ಎಷ್ಟು ಕ್ಲಿಕ್ ಬೇಕಿತ್ತು, ಈಗ ಎಷ್ಟು ಬೇಕು ಅಂತ ಲೆಕ್ಕ ಕೊಡಿ.